ಪಟದಲ್ಲಿಲ್ಲದ ಮಹಾರಾಯ

ಮರಳವಾಡಿಯಲ್ಲಿ ನಮ್ಮಜ್ಜಿಯ ಮನೆಯ ನಡುಮನೆ ಗೋಡೆಗೆ ಎರಡು ಪಟಗಳಿದ್ದವು. ಒಂದು ತಿರುಪತಿ ತಿಮ್ಮಪ್ಪನದು, ಇನ್ನೊಂದು ಯಮಲೋಕದ್ದು. ತಿಮ್ಮಪ್ಪನಿಗೆ ಶನಿವಾರ ಶನಿವಾರ ಹೂವು. ಯಮನಿಗೆ ಹೂವಿರಲಿಲ್ಲ, ಕೈ ಮುಗಿಯುವುದೂ ಇರಲಿಲ್ಲ. ಆದರೂ ಮಕ್ಕಳಾದ ನಾವು ನೋಡುತ್ತಿದ್ದದ್ದು ಅವನನ್ನೇ. ಜಾತ್ರೆಯಲ್ಲಿ ಕೊಂಡು ತಂದು ಕಟ್ಟು ಹಾಕಿಸಿದ ಪಟ ಅದು. ಗಾಜಿನ ಒಂದು ಮೂಲೆ ಒಡೆದು, ಒಲೆಯ ಹೊಗೆ ಅಲ್ಲಿಂದ ಒಳಗೆ ನುಗ್ಗಿ, ಎಣ್ಣೆ ಕೊಪ್ಪರಿಗೆಯಿದ್ದ ಚೌಕ ನಿಜವಾಗಿಯೂ ಹೊಗೆಯಾಡುತ್ತಿರುವಂತೆ ಕಾಣುತ್ತಿತ್ತು. ಮೇಲ್ಗಡೆ ಸಿಂಹಾಸನದ ಮೇಲೆ ಯಮ, ಪಕ್ಕದಲ್ಲಿ ಖಾತೆ ಪುಸ್ತಕ ಬಿಡಿಸಿಕೊಂಡ ಚಿತ್ರಗುಪ್ತ. ಕೆಳಗೆ ಶಾಲೆಯ ವರ್ಣಮಾಲೆ ಚಾರ್ಟಿನ ಹಾಗೆ ಸಾಲು ಸಾಲು ಚೌಕ. ಪ್ರತಿ ಚೌಕದಲ್ಲೂ ಒಂದು ತಪ್ಪು, ಮಗ್ಗುಲಲ್ಲೇ ಅದರ ಶಿಕ್ಷೆ. ಸುಳ್ಳು ಹೇಳಿದವನ ನಾಲಿಗೆಗೆ ಇಕ್ಕಳ. ಕಳ್ಳನ ಕೈಗೆ ಗರಗಸ. ತೂಕದಲ್ಲಿ ಮೋಸ ಮಾಡಿದ ಅಂಗಡಿಯವನು ತಲೆಕೆಳಗು. ಅತ್ತೆಗೆ ಎದುರಾಡಿದ ಸೊಸೆ ಕೊಪ್ಪರಿಗೆಯೊಳಗೆ.

"ಸುಳ್ಳಾಡ್ದೋರ್ ನಾಲ್ಗೇನ ಹೆಂಗ್ ಕಿತ್ತವ್ರೆ ನೋಡ್ಕಂಡ್ಯಾ ಮಗ?" ಅನ್ನುವುದು ಅಜ್ಜಿಯ ವಾಡಿಕೆಯ ಮಾತು. ಒಂದು ದಿನ ನಾನು ಕೇಳಿದೆ, "ಪಟೇಲ್ರು ಯಾವ್ ಚೌಕ್ದಾಗವ್ರೆ ಅಜ್ಜಿ?" ಅಜ್ಜಿ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಸುಮ್ಕಿರು, ದೊಡ್ಡೋರ್ ಮಾತು ನಿಂಗ್ಯಾಕೆ" ಅಂದರು. ನಾನು ಆ ಪಟದ ಬಗ್ಗೆ ಹೇಳಬೇಕಾದದ್ದೆಲ್ಲ ಅಜ್ಜಿ ಬಾಗಿಲ ಕಡೆ ನೋಡಿದ ಆ ನೋಟದಲ್ಲೇ ಇದೆ.

ಬಹಳ ವರ್ಷಗಳ ಮೇಲೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಇನ್ನೊಂದು ನರಕ ಕೈಗೆ ಸಿಕ್ಕಿತು. ಇಟಲಿಯ ಕವಿ ಡಾಂಟೆಯ ಕಾವ್ಯಕ್ಕೆ ಗುಸ್ತಾವ್ ದೊರೆ ಎಂಬ ಫ್ರೆಂಚ್ ಕಲಾವಿದ ಬರೆದ ಚಿತ್ರಗಳು. ಡಾಂಟೆಯ ಹೆಸರು ಕನ್ನಡ ಓದುಗರಿಗೆ ಹೊಸದಲ್ಲ. 'ಶ್ರೀ ರಾಮಾಯಣ ದರ್ಶನಂ' ಶುರುವಾಗುವಲ್ಲೇ ಕುವೆಂಪು ಹೋಮರ್, ವರ್ಜಿಲ್, ಮಿಲ್ಟನ್ ಜೊತೆಗೆ ಅವನಿಗೂ ನಮಸ್ಕಾರ ಸಲ್ಲಿಸಿದ್ದಾರೆ. ಚಿತ್ರಗಳನ್ನು ನೋಡುತ್ತ ಕೂತವನಿಗೆ ಅಜ್ಜಿಯ ಪಟ ನೆನಪಾಯಿತು. ಎಷ್ಟೊಂದು ಕೌಶಲ, ಎಂಥ ಕತ್ತಲೆ, ಬೆಟ್ಟದಂಚುಗಳು ಎಷ್ಟು ಎತ್ತರ! ಆದರೂ ಮೂಲ ಕಾವ್ಯದ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ, ಅಜ್ಜಿಯ ಪಟದಲ್ಲಿ ಆಗಿದ್ದ ಮೋಸವೇ ಇಲ್ಲಿಯೂ ಬೇರೆ ರೀತಿಯಲ್ಲಿ ಆಗಿದೆ ಅನ್ನಿಸಿತು. ನರಕಕ್ಕೆ ಚಿತ್ರ ಬಂದಾಗ ಅಲ್ಲಿದ್ದವರ ಹೆಸರು ಹೋಯಿತು.

ಡಾಂಟೆಯ ನರಕದ ಜೀವಾಳವೇ ಹೆಸರು. 1265ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿ, ಊರಿನ ರಾಜಕೀಯದಲ್ಲಿ ಮುಳುಗೆದ್ದು, 1302ರಲ್ಲಿ ಗಡೀಪಾರಾಗಿ, ಮತ್ತೆ ಊರಿಗೆ ಕಾಲಿಟ್ಟರೆ ಸುಟ್ಟುಹಾಕುತ್ತೇವೆ ಎಂಬ ತೀರ್ಪನ್ನು ಹೊತ್ತು ಅಲೆದವನು ಅವನು. 1321ರಲ್ಲಿ ಪರಸ್ಥಳದಲ್ಲೇ ಸತ್ತ. ಅವನ ನರಕದಲ್ಲಿ ಬರೀ 'ಒಬ್ಬ ಕಳ್ಳ' ಅಂತ ಇರುವವರು ಕಡಿಮೆ. ಹೆಚ್ಚಿನವರು ಇಂಥ ಊರಿನ, ಇಂಥ ಮನೆತನದ, ಇಂಥವನು ಅಂತಲೇ ಇದ್ದಾರೆ. ಬಡ್ಡಿ ವ್ಯಾಪಾರಿಗಳು ಉರಿಯುವ ಮರಳಿನ ಮೇಲೆ ಕೂತಿರುವ 17ನೇ ಸರ್ಗದಲ್ಲಿ ಅವರ ಮುಖ ಗುರುತು ಹತ್ತುವುದಿಲ್ಲ. ಕವಿ ಅಷ್ಟಕ್ಕೆ ಬಿಡುವುದಿಲ್ಲ. ಅವರ ಕೊರಳಲ್ಲಿ ತೂಗುವ ಹಣದ ಚೀಲಗಳ ಮೇಲಿನ ಮನೆತನದ ಲಾಂಛನ ನೋಡಿ ಯಾರು ಯಾರೆಂದು ತಿಳಿಯುವಂತೆ ಮಾಡುತ್ತಾನೆ. 19ನೇ ಸರ್ಗದಲ್ಲಿ ಧರ್ಮವನ್ನು ದುಡ್ಡಿಗೆ ಮಾರಿದವರು ಬಂಡೆಯ ಗುಂಡಿಗಳಲ್ಲಿ ತಲೆಕೆಳಗಾಗಿದ್ದಾರೆ, ಅಂಗಾಲಿಗೆ ಬೆಂಕಿ. ಅಲ್ಲಿರುವವನು ಪೋಪ್ ಮೂರನೇ ನಿಕೊಲಾಸ್. ಹತ್ತಿರ ಬಂದ ಡಾಂಟೆಯನ್ನು ಅವನು ಇನ್ನೊಬ್ಬ ಪೋಪ್ ಎಂಟನೇ ಬೊನಿಫಾಸ್ ಅಂದುಕೊಂಡು, ಇಷ್ಟು ಬೇಗ ಬಂದೆಯಾ ಎಂದು ಬೆರಗಾಗುತ್ತಾನೆ. ಕಥೆ ನಡೆಯುವ 1300ರಲ್ಲಿ ಬೊನಿಫಾಸ್ ಇನ್ನೂ ಬದುಕಿದ್ದ. ಬದುಕಿರುವ ಧರ್ಮಗುರುವಿಗೆ ನರಕದಲ್ಲಿ ಸೀಟು ಕಾದಿರಿಸುವ ಎದೆಗಾರಿಕೆ ಅದು.

ಹೆಸರು ಹಿಡಿದು ಬೈಯುವುದು ಸುಲಭ, ಅದರಲ್ಲಿ ಹಗೆತನವೂ ಇದೆ, ಒಪ್ಪುತ್ತೇನೆ. ತನ್ನ ಎದುರಾಳಿಗಳನ್ನು ಡಾಂಟೆ ನಿರ್ದಾಕ್ಷಿಣ್ಯವಾಗಿ ಒಳಗೆ ತಳ್ಳಿದ್ದಾನೆ. ಬೇರೆ ಧರ್ಮದ ಪ್ರವರ್ತಕರನ್ನೂ ಬಿಟ್ಟಿಲ್ಲ. ಅದು ಅವನ ಕಾಲದ ಕುರುಡು, ಇಂದು ಸಮರ್ಥಿಸಲು ಹೋಗಬಾರದು. ಆದರೆ ಬರೀ ಹಗೆ ತೀರಿಸಿಕೊಳ್ಳುವವನು ತನ್ನ ಗುರುವನ್ನೇ ಅಲ್ಲಿ ಕಂಡು ತಲೆ ಬಾಗಿಸಿ ಮಾತಾಡುವುದಿಲ್ಲ. ಬ್ರುನೆಟ್ಟೊ ಲಾಟೀನಿಯ ಜೊತೆಗಿನ ಆ ಭೇಟಿಯಲ್ಲಿ ಇರುವುದೆಲ್ಲ ಗೌರವ, ಸಂಕಟ. ಪ್ರೇಮದ ತಪ್ಪಿಗೆ ಬಿರುಗಾಳಿಯಲ್ಲಿ ಸುತ್ತುವ ಫ್ರಾಂಚೆಸ್ಕಳ ಕಥೆ ಕೇಳಿ ಅವನು ಮೂರ್ಛೆ ಹೋಗುತ್ತಾನೆ. ಹೆಸರಿದ್ದರೆ ಮಾತ್ರ ಕನಿಕರ ಸಾಧ್ಯ. ಚೌಕದೊಳಗಿನ 'ಕಳ್ಳ'ನಿಗೆ ಯಾರು ಅಳುತ್ತಾರೆ?

ಇನ್ನು ಚಿತ್ರದ ಕಥೆ. 1481ರಲ್ಲಿ ಫ್ಲಾರೆನ್ಸಿನಲ್ಲೇ ಈ ಕಾವ್ಯದ ದೊಡ್ಡ ಮುದ್ರಿತ ಆವೃತ್ತಿ ಬಂತು, ಕ್ರಿಸ್ತೊಫೊರೊ ಲಾಂಡಿನೊನ ಟೀಕೆಯ ಸಮೇತ. ಸರ್ಗಕ್ಕೊಂದು ಚಿತ್ರ ಇರಬೇಕೆಂದು ಯೋಚನೆ. ಚಿತ್ರಗಳ ಮೂಲ ಕಲ್ಪನೆ ಬೊಟಿಚೆಲ್ಲಿಯದು, ತಾಮ್ರದ ತಗಡಿನಲ್ಲಿ ಕೊರೆದವನು ಬಾಚೊ ಬಾಲ್ಡೀನಿ ಎನ್ನುತ್ತಾರೆ. ತೊಡಕಾದದ್ದು ಅಚ್ಚಿನ ಮನೆಯಲ್ಲಿ. ಸೀಸದ ಅಕ್ಷರದ ಉಬ್ಬು ಭಾಗಕ್ಕೆ ಮಸಿ ಹತ್ತಬೇಕು. ತಾಮ್ರದ ತಗಡಿನಲ್ಲಿ ಕೊರೆದ ಗೀರಿನೊಳಗೆ ಮಸಿ ನಿಲ್ಲಬೇಕು. ಎರಡಕ್ಕೂ ಒಂದೇ ಒತ್ತು ಸಾಲದು. ಒಂದೇ ಹಾಳೆ ಎರಡು ಸಲ ಎರಡು ಯಂತ್ರಕ್ಕೆ ಹೋಗಬೇಕು, ಚಿತ್ರ ಜಾಗ ತಪ್ಪಬಾರದು. ಕೈ ಸೋತಿತು. ಬಹಳಷ್ಟು ಪ್ರತಿಗಳಲ್ಲಿ ಮೊದಲ ಎರಡೋ ಮೂರೋ ಚಿತ್ರ ಬಿಟ್ಟರೆ ಖಾಲಿ ಜಾಗವೇ ಉಳಿಯಿತು, ಕೆಲವು ಪ್ರತಿಗಳಿಗೆ ಚಿತ್ರವನ್ನು ಬೇರೆ ಅಚ್ಚು ಮಾಡಿ ಅಂಟಿಸಿದರು. ಕೊರೆದದ್ದು ಒಟ್ಟು 19, ಅಂದರೆ ಪೋಪರ ಗುಂಡಿಯ ಸರ್ಗದವರೆಗೆ. ನರಕಕ್ಕಿರುವುದು 34 ಸರ್ಗ.

ಅದೇ ಬೊಟಿಚೆಲ್ಲಿ ಚರ್ಮದ ಹಾಳೆಗಳ ಮೇಲೆ ಬೇರೆಯಾಗಿ ಬರೆದ ಚಿತ್ರಗಳಲ್ಲಿ ನರಕದ ನಕ್ಷೆಯೂ ಒಂದು. ಆಲಿಕೆಯಾಕಾರದ ಹಳ್ಳ, ಮೆಟ್ಟಿಲು ಮೆಟ್ಟಿಲಾಗಿ ಕೆಳಕ್ಕೆ ಕಿರಿದಾಗುತ್ತ ಹೋಗುತ್ತದೆ. ನನಗೆ ಅದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಕನಕಪುರದ ಕಡೆ ಕಲ್ಲುಕ್ವಾರಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದವರಿಗೆಲ್ಲ ಆ ನಕ್ಷೆ ಗೊತ್ತು: ಹಂತ ಹಂತವಾಗಿ ಕತ್ತರಿಸಿದ ಬಂಡೆ, ಇರುವೆಯಷ್ಟಾಗಿ ಕಾಣುವ ಲಾರಿ, ತಳದಲ್ಲಿ ಹಸಿರುಗಟ್ಟಿ ನಿಂತ ನೀರು. ಡಾಂಟೆಯ ಹಳ್ಳದ ತಳದಲ್ಲಿ ನೀರಲ್ಲ, ಬೆಂಕಿಯೂ ಅಲ್ಲ, ಹಿಮಗಡ್ಡೆ. ಅದರಲ್ಲಿ ಹೂತವರು ನಂಬಿಸಿ ಕತ್ತು ಕೊಯ್ದವರು. ಹೊಟ್ಟೆಬಾಕರು, ಕಾಮುಕರು ಮೇಲಿನ ಹಂತಗಳಲ್ಲಿ, ಮೋಸಗಾರರು ಕೆಳಗೆ, ದ್ರೋಹಿಗಳು ಎಲ್ಲರಿಗಿಂತ ಕೆಳಗೆ. ಅಂದರೆ ಹಸಿದ ಮೈಯ ತಪ್ಪಿಗಿಂತ ಅಧಿಕಾರದಲ್ಲಿ ಕೂತ ಬುದ್ಧಿಯ ತಪ್ಪು ಘೋರ. ಅಜ್ಜಿಯ ಪಟದಲ್ಲಿ ಈ ಮೇಲು ಕೆಳಗು ಇರಲಿಲ್ಲ. ಅಲ್ಲಿ ಎಲ್ಲ ಚೌಕಕ್ಕೂ ಒಂದೇ ಅಳತೆ.

ದೊರೆಯ ಕಾಲಕ್ಕೆ ಅಚ್ಚಿನ ತೊಡಕು ಬಗೆಹರಿದಿತ್ತು. ಬಾಕ್ಸ್‌ವುಡ್ ಎಂಬ ಗಟ್ಟಿ ಮರವನ್ನು ಅಡ್ಡಕ್ಕೆ ಕೊಯ್ದು, ಆ ಅಡ್ಡಕೊಯ್ತದ ಮುಖದ ಮೇಲೆ ಸೂಕ್ಷ್ಮ ಉಳಿಯಿಂದ ಗೆರೆ ಎತ್ತುವ ಕಲೆ ಬಂದಿತ್ತು. ಉದ್ದಕ್ಕೆ ಸೀಳಿದ ಹಲಗೆಯಲ್ಲಿ ನಾರಿನ ಎಳೆ ಉಳಿಯನ್ನು ಅಡ್ಡದಾರಿಗೆಳೆಯುತ್ತದೆ, ಅಡ್ಡಕೊಯ್ತದಲ್ಲಿ ಹಾಗಾಗುವುದಿಲ್ಲ. ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ತಿರುಗಿಸಿ ಗೊಂಬೆ ಮಾಡುವವರಿಗೆ ಇದನ್ನು ಹೇಳಿದರೆ ನಕ್ಕುಬಿಡುತ್ತಾರೆ. ಮರದ ಮುಖ ನೋಡದೆ ಉಳಿ ಹಿಡಿಯುವವರು ಯಾರು? ದೊರೆ ಮರದ ಮೇಲೆ ನೇರವಾಗಿ ಮಸಿಯ ನೆರಳು ಬಳಿದು ಚಿತ್ರ ಬರೆಯುತ್ತಿದ್ದ. ಅದನ್ನು ಗೆರೆಯಾಗಿ ಕೊರೆಯುತ್ತಿದ್ದವರು ಎಲಿಯೊದೋರ್ ಪಿಸಾನ್‌ನಂಥ ಕಸುಬುದಾರರು. ಕತ್ತಲೆಯ ಕಲ್ಪನೆ ದೊರೆಯದು, ಅದರ ಒಂದೊಂದು ಎಳೆ ಇವರದು. ಹೆಸರು ಉಳಿದದ್ದು ಒಬ್ಬನದೇ.

ಪ್ರಕಾಶಕರು ಇಷ್ಟು ದುಬಾರಿ ಪುಸ್ತಕಕ್ಕೆ ಕೈ ಹಾಕಲು ಹಿಂಜರಿದಾಗ ದೊರೆ ಸ್ವಂತ ಖರ್ಚಿನಲ್ಲಿ 1861ರಲ್ಲಿ ನರಕವನ್ನು ಹೊರತಂದ, ಸುಮಾರು 75 ಚಿತ್ರ. ಕೈತುಂಬ ಯಶಸ್ಸು ಬಂತು. 1868ರಲ್ಲಿ ಉಳಿದ ಭಾಗಗಳೂ ಬಂದವು. 1911ರಲ್ಲಿ ಇಟಲಿಯವರು ತೆಗೆದ 'ಲಿನ್ಫೆರ್ನೊ' ಮೂಕಿಚಿತ್ರದ ದೃಶ್ಯಗಳಿಗೆ ಮಾದರಿಯಾದದ್ದು ದೊರೆಯ ಅಚ್ಚುಗಳೇ. ಇಂದು ಜಗತ್ತಿನಲ್ಲಿ ಯಾರಾದರೂ ಡಾಂಟೆಯ ನರಕ ಅಂದರೆ ಕಣ್ಣೆದುರು ಬರುವುದು ದೊರೆಯ ನರಕ. ಇದನ್ನು ಗೆಲುವೆನ್ನುವವರು ಇದ್ದಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪೋಪ್ ನಿಕೊಲಾಸನ ಚಿತ್ರ ತೆಗೆದು ನೋಡಿ: ಬಂಡೆ, ಗುಂಡಿ, ಮೇಲಕ್ಕೆ ಚಾಚಿದ ಎರಡು ಕಾಲು. ಕೆಳಗೆ ಬರಹ ಇಲ್ಲದಿದ್ದರೆ ಆ ಕಾಲು ಪೋಪನದೋ ಪಾತ್ರೆ ತೊಳೆಯುವವನದೋ? ಉಳಿದ ಹಾಳೆಗಳಲ್ಲಿ ಕಟ್ಟುಮಸ್ತಾದ ಬತ್ತಲೆ ಮೈಗಳ ರಾಶಿ, ಎಲ್ಲರೂ ಒಂದೇ ಗರಡಿಯಿಂದ ಬಂದವರಂತೆ. ಫ್ಲಾರೆನ್ಸಿನ ಬೀದಿಜಗಳ, ಬಡ್ಡಿ, ಗುರುಪೀಠದ ವ್ಯಾಪಾರ ಎಲ್ಲ ಕರಗಿ ಹೋಗಿ ಭವ್ಯವಾದ ಬೆಟ್ಟಕಣಿವೆ ಉಳಿಯಿತು. ಆದರೂ ದೊರೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಅವನ ಹಾಳೆಗಳಲ್ಲಿ ಮತ್ತೆ ಮತ್ತೆ ಡಾಂಟೆ ಮತ್ತು ಅವನಿಗೆ ದಾರಿ ತೋರುವ ವರ್ಜಿಲ್, ಸಣ್ಣದಾಗಿ, ಅಂಚಿನಲ್ಲಿ ನಿಂತಿದ್ದಾರೆ. ನೋಡುವವನಿಗೆ ಜೊತೆಗೆ ನಿಲ್ಲಲು ಇಬ್ಬರು ಸಾಕ್ಷಿಗಳು ಸಿಗುತ್ತಾರೆ. ಅಜ್ಜಿಯ ಪಟದಲ್ಲಿ ಸಾಕ್ಷಿಯೂ ಇಲ್ಲ. ನೋಡುವವನೇ ಮುಂದಿನ ಆರೋಪಿ.

ಆ ಪಟಕ್ಕೆ ದೊಡ್ಡ ವಂಶಾವಳಿಯಿದೆ. ಏಳನೇ ಶತಮಾನದ ಬಾಣಭಟ್ಟನ 'ಹರ್ಷಚರಿತ'ದಲ್ಲಿ, ತಂದೆಯ ಕಾಯಿಲೆಯ ಸುದ್ದಿ ತಿಳಿದು ಧಾವಿಸಿ ಬರುವ ಹರ್ಷ ಪೇಟೆ ಬೀದಿಯಲ್ಲಿ ಯಮಪಟ ಹರಡಿಕೊಂಡು ಕಡ್ಡಿಯಿಂದ ತೋರಿಸುತ್ತ ಕಥೆ ಹೇಳುವವನನ್ನು ಕಾಣುತ್ತಾನೆ. ಸುತ್ತ ಮಕ್ಕಳ ಗುಂಪು. ವಿಶಾಖದತ್ತನ 'ಮುದ್ರಾರಾಕ್ಷಸ'ದಲ್ಲಿ ಯಮಪಟ ಹಿಡಿದು ಮನೆಮನೆಗೆ ನುಗ್ಗುವವನು ಚಾಣಕ್ಯನ ಗೂಢಚಾರ. ಈ ನಾಟಕದ ಕಥೆಯನ್ನೇ ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಕೆಂಪುನಾರಾಯಣ 1823ರಲ್ಲಿ 'ಮುದ್ರಾಮಂಜೂಷ'ವಾಗಿ ಕನ್ನಡಕ್ಕೆ ತಂದ. ಎಂಥ ಚುರುಕು ಕಲ್ಪನೆ! ನರಕದ ಚಿತ್ರ ತೋರಿಸುವವನಿಗೆ ಯಾರೂ ಬಾಗಿಲು ಹಾಕುವುದಿಲ್ಲ, ಹೆದರಿದವರು ಹೊಸ್ತಿಲ ಒಳಗೆ ಬಿಟ್ಟುಕೊಳ್ಳುತ್ತಾರೆ, ಮತ್ತು ಅವನು ಅರಮನೆಯ ಆಳು. ಮುಂದೆ ರವಿವರ್ಮನ ಪ್ರೆಸ್ 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಬಣ್ಣದ ಕಲ್ಲಚ್ಚಿನ ದೇವರುಗಳು ಬಡವರ ಗೋಡೆಗೂ ಬಂದವು. ಅಂಥ ಅಚ್ಚುಗಳ ಬೆನ್ನಲ್ಲೇ ಯಮಲೋಕವೂ ಬಂತು. ಕಥೆ ಹೇಳುವ ಮನುಷ್ಯ, ಅವನ ಕಡ್ಡಿ ಎರಡೂ ಹೋಗಿ ಪಟ ಮಾತ್ರ ಉಳಿಯಿತು.

ಪಟ ಬರೆದವರು ಗ್ರಂಥದಿಂದ ಏನನ್ನು ಆರಿಸಿಕೊಂಡರು, ಏನನ್ನು ಬಿಟ್ಟರು ಎಂಬುದರಲ್ಲಿ ವಿಷಯವಿದೆ. ಭಾಗವತದ ಐದನೇ ಸ್ಕಂಧ 28 ನರಕಗಳನ್ನು ಹೆಸರಿಸುತ್ತದೆ. ಜಾತಿಯ ತಾರತಮ್ಯ ಅದರಲ್ಲೂ ಇದೆ, ಮುಚ್ಚಿಡಬೇಕಿಲ್ಲ. ಆದರೆ ಅಲ್ಲಿ ಸೂಕರಮುಖ ಎಂಬುದೊಂದು ಇದೆ. ತಪ್ಪು ಮಾಡದವನನ್ನು ದಂಡಿಸಿದ ರಾಜನಿಗೆ, ರಾಜನ ಅಧಿಕಾರಿಗೆ ಮೀಸಲಾದ ನರಕ. ಅಲ್ಲಿ ಅವರನ್ನು ಕಬ್ಬಿನ ಜಲ್ಲೆಯಂತೆ ಅರೆಯುತ್ತಾರೆ. ಆಲೆಮನೆ ಕಂಡ ನಮ್ಮ ಕಡೆಯವರಿಗೆ ಇದಕ್ಕಿಂತ ಚೆನ್ನಾಗಿ ನಾಟುವ ಚಿತ್ರ ಇನ್ನೊಂದಿಲ್ಲ: ಒಂದು ಕಡೆ ಜಲ್ಲೆ, ಇನ್ನೊಂದು ಕಡೆ ಸಿಪ್ಪೆ. ಧರ್ಮದ ಕಟ್ಟು ಮುರಿದ ಆಳುವವರಿಗೆ ವೈತರಣಿ ಬೇರೆ ಇದೆ. ನಾನು ನೋಡಿದ ಯಾವ ಯಮಲೋಕದ ಪಟದಲ್ಲೂ ಕಿರೀಟವಿಟ್ಟ ಪಾಪಿಯಿಲ್ಲ. ಕಿರೀಟ ಇರುವುದು ಯಮನೊಬ್ಬನಿಗೆ. ಗ್ರಂಥದಲ್ಲಿದ್ದ ಅಧಿಕಾರಿ ಅಚ್ಚಿಗೆ ಬರುವಾಗ ತಪ್ಪಿಸಿಕೊಂಡ, ಸೊಸೆ ಸಿಕ್ಕಿಬಿದ್ದಳು.

'ಮಾಡಿದ್ದುಣ್ಣೋ ಮಹಾರಾಯ' ಎಂಬುದು ನಮ್ಮ ಗಾದೆ. ಎಂ. ಎಸ್. ಪುಟ್ಟಣ್ಣನವರು ಕಾದಂಬರಿಗೇ ಈ ಹೆಸರಿಟ್ಟರು. ಗಾದೆ ಕರೆಯುವುದು ಮಹಾರಾಯನನ್ನು. ಪಟ ತೋರಿಸುವುದು ಕೂಲಿಯವನನ್ನು.

ನರಕ ಕಂಡ ಮಹಾರಾಯ ನಮ್ಮ ಕಾವ್ಯಗಳಲ್ಲಿ ಇಲ್ಲದಿಲ್ಲ. ಮಹಾಭಾರತದ ಸ್ವರ್ಗಾರೋಹಣ ಪರ್ವದ ಧರ್ಮರಾಯನನ್ನು ನೆನೆಯಿರಿ. ಸ್ವರ್ಗಕ್ಕೆ ಹೋದವನಿಗೆ ಅಲ್ಲಿ ಕಾಣುವುದು ದುರ್ಯೋಧನ. ತಮ್ಮಂದಿರೆಲ್ಲಿ ಎಂದು ಕೇಳಿದರೆ ನಾರುವ ಕತ್ತಲ ದಾರಿಗೆ ಕರೆದೊಯ್ಯುತ್ತಾರೆ. ಕತ್ತಲೊಳಗಿಂದ ಭೀಮನ, ಕರ್ಣನ, ದ್ರೌಪದಿಯ ದನಿ. ಅವನು ಹಿಂದಿರುಗುವುದಿಲ್ಲ, ಇಲ್ಲೇ ಇರುತ್ತೇನೆ ಎನ್ನುತ್ತಾನೆ. ಆಮೇಲೆ ಇಂದ್ರ ಬಂದು, ರಾಜರಾದವರೆಲ್ಲ ನರಕವನ್ನು ನೋಡಲೇಬೇಕು, ದ್ರೋಣನಿಗೆ ಮಾಡಿದ ಮೋಸಕ್ಕೆ ನಿನಗೂ ಇದು ತಪ್ಪಲಿಲ್ಲ ಎಂದು ತಿಳಿಸುತ್ತಾನೆ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ. ಮುಂದಿನದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಕನ್ನಡದಲ್ಲಿ ಪೂರೈಸಿದ. ಗಮಕಿಗಳ ಕೊರಳಲ್ಲಿ ನಮ್ಮ ಊರುಗಳು ಹೆಚ್ಚಾಗಿ ಕೇಳಿದ್ದು ಕುಮಾರವ್ಯಾಸನನ್ನು, ಹಾಗಾಗಿ ಈ ಪ್ರಸಂಗ ನಮ್ಮ ಜನರ ಕಿವಿಗೆ ಅಷ್ಟಾಗಿ ಬೀಳಲಿಲ್ಲವೇನೋ ಎಂಬುದು ನನ್ನ ಊಹೆ. ಪಂಪನ 'ಆದಿಪುರಾಣ'ದಲ್ಲೂ ಇಂಥದೇ ಹೆಸರಿರುವ ನರಕವಿದೆ: ಮಹಾಬಲನೆಂಬ ರಾಜನ ಮಂತ್ರಿಯಾಗಿದ್ದ ಶತಮತಿ ನರಕಕ್ಕೆ ಬಿದ್ದಿದ್ದಾನೆ, ಮುಂದೆ ಆದಿತೀರ್ಥಂಕರನಾಗಬೇಕಾದ ಜೀವ, ಶ್ರೀಧರದೇವನಾಗಿದ್ದಾಗ, ಅಲ್ಲಿಗೇ ಇಳಿದು ಹೋಗಿ ಅವನಿಗೆ ತಿಳಿವಳಿಕೆ ಕೊಡುತ್ತದೆ. ಡಾಂಟೆಯ ನರಕದ ಬಾಗಿಲು ಒಳಗೆ ಮಾತ್ರ ತೆರೆಯುವಂಥದು, ಹೊಕ್ಕವನ ಶಿಕ್ಷೆಗೆ ಕೊನೆಯಿಲ್ಲ. ನಮ್ಮ ನರಕಗಳಿಗೆ ಅವಧಿಯಿದೆ, ಹೊರಬರುವ ದಾರಿಯಿದೆ. ಅಚ್ಚಾದ ಪಟ ಈ ದಾರಿಯನ್ನೂ ನುಂಗಿತು.

ಇವೆಲ್ಲ ಹಳೆಯ ಮೂಢನಂಬಿಕೆ, ಈಗ ಯಾರು ಹೆದರುತ್ತಾರೆ ಎನ್ನಬಹುದು. 'ಕಠಾರಿವೀರ ಸುರಸುಂದರಾಂಗಿ' ಸಿನಿಮಾದಲ್ಲಿ ಅಂಬರೀಷ್ ಯಮನಾಗಿ ಬಂದರೆ ಜನ ಶಿಳ್ಳೆ ಹೊಡೆಯುತ್ತಾರೆ, ನಿಜ. ಆದರೆ ಶಿಕ್ಷೆ ಅಂದರೆ ಸಣ್ಣವರಿಗೆ ಎಂಬ ರೂಢಿಯನ್ನು ಆ ಪಟ ಕಣ್ಣಿಗೆ ಕಲಿಸಿಬಿಟ್ಟಿದೆ. ಅದು ಹೋಗಿಲ್ಲ.

ಒಂದು ಉದಾಹರಣೆ ನಮ್ಮ ಜಿಲ್ಲೆಯದೇ. ಜೀವಂತ ಪ್ರಾಣಿ ಪಕ್ಷಿಗಳನ್ನು ಬೇಯಿಸಿದವರಿಗೆ ಕುಂಭೀಪಾಕ, ಕುದಿಯುವ ಎಣ್ಣೆ, ಎನ್ನುತ್ತದೆ ಅದೇ ಭಾಗವತ. ಮರಳವಾಡಿಯ ಸುತ್ತ ಹಿಪ್ಪುನೇರಳೆ ತೋಟ, ಹುಳುಮನೆ; ಗೂಡು ಹೋಗುವುದು ರಾಮನಗರದ ಮಾರುಕಟ್ಟೆಗೆ. ಅಲ್ಲಿಂದ ನೂಲು ತೆಗೆಯುವ ಮನೆಗೆ. ಒಳಗೆ ಕಾಲಿಟ್ಟರೆ ಮೊದಲು ತಟ್ಟುವುದು ವಾಸನೆ; ಬೆಂದ ಹುಳುವಿನ ಆ ಹಸಿ ವಾಸನೆ ಬಟ್ಟೆಯಿಂದ ಎರಡು ದಿನ ಹೋಗುವುದಿಲ್ಲ. ಆವಿಯ ನಡುವೆ ಹೆಂಗಸರು ಬಿಸಿನೀರಿನ ತೊಟ್ಟಿಗೆ ಬೆರಳದ್ದಿ ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿದೆತ್ತುತ್ತಾರೆ. ಬೆರಳ ತುದಿ ಬಿಳುಚಿ, ನೆನೆದ ಕಡಲೆಬೀಜದ ಸಿಪ್ಪೆಯಂತೆ ಸುಕ್ಕಾಗಿರುತ್ತದೆ. ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಹೊರತಂದ ವರದಿಯಲ್ಲಿ ಕರ್ನಾಟಕವೂ ಇತ್ತು. ಈಗ ಪಟ ಬರೆಯುವವನನ್ನು ಕರೆದು ಈ ನರಕ ಬರಿ ಅಂದರೆ ಕೊಪ್ಪರಿಗೆಯೊಳಗೆ ಯಾರನ್ನು ಹಾಕುತ್ತಾನೆ? ಹುಳು ಬೇಯಿಸಿದ ಆ ಹೆಂಗಸನ್ನು. ಮಗುವಿನ ಮೇಲೆ ಮುಂಗಡ ಕೊಟ್ಟು ಕೂರಿಸಿಕೊಂಡವನು, ಮುಹೂರ್ತದ ಸೀರೆಗೆ ಚೌಕಾಶಿ ಮಾಡಿದ ನಾವು, ಯಾರೂ ಚೌಕದೊಳಗೆ ಬರುವುದಿಲ್ಲ. ಬೆರಳು ಬೆಂದವಳೇ ಮತ್ತೆ ಬೇಯಬೇಕು.

ನಿಜವಾದ ನರಕವೊಂದು ನಮ್ಮಲ್ಲೇ ಇತ್ತು, ಅದರಲ್ಲಿ ಮಹಾರಾಯನೂ ಇದ್ದ. ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗ. ಇಂದು ಕಬ್ಬಾಳಮ್ಮನ ಹರಕೆಗೆ ಬರುವ ಜನ ತಲೆಯೆತ್ತಿ ನೋಡುವ ಆ ಬೋಳುಬಂಡೆಯ ಬೆಟ್ಟ ಮೈಸೂರು ಸಂಸ್ಥಾನದ ಸೆರೆಮನೆಯಾಗಿತ್ತು. ಅಲ್ಲಿಗೆ ಕಳಿಸಿದರೆ ಬೇರೆ ಮರಣದಂಡನೆ ಬೇಕಿರಲಿಲ್ಲ ಎನ್ನುವಷ್ಟು ಕೆಟ್ಟ ಹೆಸರು ಅದರ ನೀರಿಗೆ, ಗಾಳಿಗೆ. ಪಟ್ಟದಲ್ಲಿದ್ದ ಏಳನೇ ಚಾಮರಾಜ ಒಡೆಯರನ್ನು ದಳವಾಯಿ ದೇವರಾಜಯ್ಯ 1734ರಲ್ಲಿ ಕೆಳಗಿಳಿಸಿ ಇದೇ ದುರ್ಗಕ್ಕೆ ಕಳಿಸಿದ. ಅರಸ ಅಲ್ಲೇ ತೀರಿಕೊಂಡ. ಹೆಸರಿದೆ, ಇಸವಿಯಿದೆ, ನಂಬಿದವರಿಂದಲೇ ಆದ ದ್ರೋಹವಿದೆ. ಡಾಂಟೆ ಕನಕಪುರದವನಾಗಿದ್ದರೆ ದಳವಾಯಿಯನ್ನು ಹಿಮದಲ್ಲಿ ಕುತ್ತಿಗೆಯವರೆಗೆ ಹೂಳುತ್ತಿದ್ದ. ಬೆಟ್ಟದ ಕೆಳಗೆ ದೇವಸ್ಥಾನದ ಮುಂದಿನ ಅಂಗಡಿಗಳಲ್ಲಿ ನಾನು ಕಂಡದ್ದು ಅಮ್ಮನವರ ಪಟ, ಸಿನಿಮಾ ನಟರ ಪಟ. ಅರಸನದಿಲ್ಲ, ದಳವಾಯಿಯದಿಲ್ಲ.

ಅಜ್ಜಿಯ ಪಟ ಈಗ ನನ್ನ ಹತ್ತಿರ ಇದೆ. ಗೆದ್ದಲು ತಿಂದು ಕೆಳಗಿನ ಎರಡು ಸಾಲು ಹೋಗಿವೆ, ಸೊಸೆಯ ಚೌಕವೂ ಹೋಗಿದೆ. ಒಂದು ರೀತಿಯಲ್ಲಿ ಬಿಡುಗಡೆ. ಕಟ್ಟು ಮಾತ್ರ ಗಟ್ಟಿಯಾಗಿದೆ. ಇದನ್ನು ಓದುವವರಲ್ಲಿ ಪಟ ಬರೆಯುವವರೋ, ಮರದಲ್ಲಿ ಅಚ್ಚು ಕೊರೆಯುವವರೋ ಇದ್ದರೆ ಒಂದು ಕೋರಿಕೆ: ನನಗೊಂದು ಸೂಕರಮುಖ ಬರೆದುಕೊಡಿ. ಆಲೆಮನೆಯ ಗಾಣ ಇರಲಿ, ಜಲ್ಲೆಯ ಜಾಗದಲ್ಲಿ ಅಧಿಕಾರದವರಿರಲಿ, ಮುಖ ಗುರುತು ಹತ್ತದಿದ್ದರೆ ಜೇಬಿನ ಮೇಲಾದರೂ ಲಾಂಛನ ಕಾಣಿಸಲಿ. ಅಂಚಿನಲ್ಲಿ ಒಬ್ಬ ಮುದುಕಿ ನಿಂತಿರಲಿ, ಬಾಗಿಲ ಕಡೆ ನೋಡದೆ. ಕಟ್ಟು ಹಾಕಿಸುವ ಖರ್ಚು ನನ್ನದು.